ನಾಲ್ಕನೇ ಡಬ್ಬಿಯ ಬಿಸಿ

ಶಕುನ, ಸೂಚನೆ, ಒಳಮನಸ್ಸಿನ ಮಾತು ಇವನ್ನೆಲ್ಲ ನಾನು ನಂಬಿದವಳಲ್ಲ. ಸೆರಂಗೂನಿನ ನಮ್ಮ ಫ್ಲ್ಯಾಟಿನಲ್ಲಿ ಹಲ್ಲಿ ಲೊಚಗುಟ್ಟಿದರೆ ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ‘ಕೃಷ್ಣ ಕೃಷ್ಣ’ ಎನ್ನುತ್ತಾರೆ. “ಇದು ಸಿಂಗಪುರದ ಹಲ್ಲಿ ಅತ್ತೆ, ಇದಕ್ಕೆ ನಮ್ ಪಂಚಾಂಗ ಗೊತ್ತಿಲ್ಲ” ಎಂದು ನಾನು ರೇಗಿಸುತ್ತಿದ್ದೆ. ಅಳತೆಗೆ ಸಿಗದ್ದು ಇಲ್ಲವೆಂದೇ ತಿಳಿದು ಬದುಕಿದವಳು ನಾನು. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವಳೂ ನಾನೇ. ನೀವು ನಕ್ಕರೆ ಬೇಸರವಿಲ್ಲ, ಪೂರ್ತಿ ಓದಿ ನಗಿ.

ನನ್ನದು ಕಲ್ಲಿನ ಕೆಲಸ. ನೆಲದಡಿಯ ಗಣಿಯಿಂದ ಕಲ್ಲಿದ್ದಲಿನ ಜೊತೆಗೆ ಯಾರಿಗೂ ಬೇಡದ ಕಲ್ಲೂ ರಾಶಿ ರಾಶಿ ಮೇಲೆ ಬರುತ್ತದೆ. ಅದನ್ನು ಎಲ್ಲಿ, ಹೇಗೆ ಪೇರಿಸಿಡಬೇಕೆಂದು ಹೇಳುವುದು ನಮ್ಮ ಸಣ್ಣ ಕಂಪನಿಯ ಕಸುಬು. ಸಿಂಗಪುರದಲ್ಲಿ ಗಣಿಯೇ ಇಲ್ಲವಲ್ಲ ಎಂದು ಎಲ್ಲರೂ ಕೇಳುತ್ತಾರೆ. ಗಣಿ ಇರುವುದು ಪಕ್ಕದ ದೇಶದ ಬೆಟ್ಟದಲ್ಲಿ. ನಾನು, ನನ್ನ ಲ್ಯಾಬು ಇರುವುದು ಸಿಂಗಪುರದ ಒನ್-ನಾರ್ತ್ ಬಡಾವಣೆಯಲ್ಲಿ.

ಈ ಬೇಡದ ಕಲ್ಲು ಸಾಧುವಲ್ಲ. ಅದರಲ್ಲಿ ಕಲ್ಲಿದ್ದಲಿನ ಚೂರೂ ಇರುತ್ತದೆ, ಗಂಧಕವೂ ಇರುತ್ತದೆ. ಸಡಿಲವಾಗಿ ಸುರಿದರೆ ಸಂದಿಗಳಲ್ಲಿ ಗಾಳಿಯಾಡಿ, ಹಸಿ ಹುಲ್ಲಿನ ಬಣವೆಯ ಹಾಗೆ ಒಳಗೊಳಗೇ ಕಾಯುತ್ತದೆ. ಕೆಲವೊಮ್ಮೆ ಹೊತ್ತಿಕೊಳ್ಳುವುದೂ ಉಂಟು. ಒಳಗೆ ಸುಟ್ಟು ಟೊಳ್ಳಾದ ದಿಬ್ಬ ಒಂದು ದಿನ ಕುಸಿಯುತ್ತದೆ. ಅದಕ್ಕೇ ಮೊಣಕಾಲೆತ್ತರದ ಪದರ ಹರವಿ, ರೋಲರ್ ಹೊಡೆದು, ಮೇಲೆ ಜೇಡಿಮಣ್ಣು ಮುಚ್ಚಬೇಕು. ಆ ಗಣಿಯವರು ನಾವು ಬರುವ ಮೊದಲೇ ಅವಸರದಲ್ಲಿ ಉತ್ತರದ ಮೂಲೆಗೆ ಲಾರಿಗಟ್ಟಲೆ ಕಲ್ಲನ್ನು ಮೇಲಿನಿಂದ ಸುರಿದುಬಿಟ್ಟಿದ್ದರು. ಆ ಮೂಲೆಯ ಬುಡದಲ್ಲೇ ಒಂದು ತಗಡಿನ ಕ್ಯಾಂಟೀನು. ಒಂದು ಪಾಳಿಯ ಜನವೆಲ್ಲ ಅಲ್ಲೇ ಕೂತು ಊಟ ಮಾಡುತ್ತಿದ್ದರು.

ಅಲ್ಲಿನ ಮ್ಯಾನೇಜರ್ ಬಸವರಾಜ್ ಬಳ್ಳಾರಿ ಕಡೆಯವರು, ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಚುರುಕು. ಈ ಘಟನೆಗೆ ಆರು ತಿಂಗಳ ಮುಂಚೆ ದಿಬ್ಬದ ಫೋಟೋದಲ್ಲಿ ಒಂದು ಬಿರುಕು ಕಂಡು ನಾನು ಕೆಲಸ ನಿಲ್ಲಿಸಿದ್ದೆ. ನೋಡಿದರೆ ಅದು ಬಿಸಿಲಿಗೆ ಒಡೆದ ಕೆಸರು. ಆಮೇಲೆ ಫೋನು ಮಾಡಿದಾಗಲೆಲ್ಲ “ಏನ್ ಮೇಡಂ, ಇವತ್ತು ಯಾವ ಬಿರುಕು?” ಎಂದೇ ಶುರು ಮಾಡುತ್ತಿದ್ದರು. ಇನ್ನೊಂದು ಸಲ ಹಾಗಾದರೆ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಉಳಿಯದೆಂದು ನನಗೂ ಗೊತ್ತಿತ್ತು.

ಲ್ಯಾಬಿನಲ್ಲಿ ಐದು ಕಪ್ಪು ಪ್ಲಾಸ್ಟಿಕ್ ಡಬ್ಬಿಗಳಿದ್ದವು. ನಾಲ್ಕರಲ್ಲಿ ದಿಬ್ಬದ ನಾಲ್ಕು ಮೂಲೆಗಳಿಂದ ತಂದ ಕಲ್ಲು, ಒಂದೊಂದು ಕಿಲೋ. ಐದನೆಯದರಲ್ಲಿ ಹೋಲಿಕೆಗೆಂದು ತೊಳೆದ ಮರಳು. ಪ್ರತಿ ಶುಕ್ರವಾರ ಮುಚ್ಚಳದ ತೂತಿನಿಂದ ನೀರು ಹೊಯ್ದು, ಕೆಳಗೆ ಇಳಿದದ್ದನ್ನು ಹಿಡಿದು ಪರೀಕ್ಷೆಗೆ ಕಳಿಸುವುದು ನನ್ನ ಪಾಲಿನ ಕೆಲಸ. ಅದಕ್ಕಾಗಿ ಮುಚ್ಚಳ ತೆಗೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಹತ್ತೂವರೆ ಇರಬೇಕು. ನಾಲ್ಕನೇ ಡಬ್ಬಿಯನ್ನು, ಅಂದರೆ ಉತ್ತರದ ಮೂಲೆಯ ಕಲ್ಲಿನದನ್ನು, ಹಿಡಿದವಳು ತಟ್ಟನೆ ಕೈ ಬಿಟ್ಟೆ. ಆಗಷ್ಟೇ ಕಾಫಿ ಬಗ್ಗಿಸಿದ ಲೋಟದಷ್ಟು ಬಿಸಿ. ತೂತಿನಿಂದ ಥರ್ಮಾಮೀಟರ್ ಇಳಿಸಿದೆ. ಕೋಣೆಯಲ್ಲಿ ಎಷ್ಟಿತ್ತೋ ಅಷ್ಟೇ ತೋರಿಸಿತು. ಥರ್ಮಾಮೀಟರ್ ಬದಲಿಸಿದೆ. ಅದೂ ಅದನ್ನೇ ಹೇಳಿತು. ಮಿಕ್ಕ ನಾಲ್ಕನ್ನೂ ಮುಟ್ಟಿದೆ, ತಣ್ಣಗಿದ್ದವು. ಅಷ್ಟಕ್ಕೂ ಕಾಯುವುದಕ್ಕೆ ಒಂದು ದಿಬ್ಬವೇ ಬೇಕು. ಒಂದು ಕಿಲೋ ಕಲ್ಲು ಹೀಗೆ ಬಿಸಿಯಾಗುವುದು ಸಾಧ್ಯವೇ ಇಲ್ಲ.

ನನಗೇ ಜ್ವರವೇನೋ ಎಂದುಕೊಂಡೆ. ನೆಲ ಒರೆಸಲು ಬಂದಿದ್ದ ಆಂಟಿಯನ್ನು ಕರೆದೆ. ಚೀನೀ ಮೂಲದ ವಯಸ್ಸಾದ ಹೆಂಗಸು, ಕಲ್ಲಿನ ವಿಷಯ ಆಕೆಗೆ ಏನೂ ತಿಳಿಯದು. ಸುಮ್ಮನೆ ಐದನ್ನೂ ಮುಟ್ಟಿ ನೋಡಿ ಎಂದೆ. ಒಂದೊಂದಾಗಿ ಮುಟ್ಟುತ್ತ ಬಂದವಳು ನಾಲ್ಕನೆಯದಕ್ಕೆ ಕೈ ಕೊಡವಿಕೊಂಡಳು. “ಅಯ್ಯೋ, ದಿಸ್ ಒನ್ ಸೋ ಹಾಟ್ ಲಾ! ಯು ಕುಕಿಂಗ್ ಸಮ್‌ಥಿಂಗ್ ಆ?” ಎಂದು ನಕ್ಕು ಬಕೆಟ್ ಎತ್ತಿಕೊಂಡು ಹೋದಳು. ನನಗೆ ನಗು ಬರಲಿಲ್ಲ.

ಹತ್ತು ನಿಮಿಷ ಮೊಬೈಲ್ ಹಿಡಿದು ಕೂತೆ. ಕಣ್ಣ ಮುಂದೆ ಆ ತಗಡಿನ ಕ್ಯಾಂಟೀನು, ತಟ್ಟೆ ಹಿಡಿದು ಸಾಲು ನಿಂತ ಜನ. ಕೊನೆಗೆ ಫೋನು ಹಚ್ಚಿದೆ.

“ಬಸವರಾಜ್ ಅವ್ರೆ, ಇವತ್ತು ಊಟಕ್ಕೆ ಯಾರನ್ನೂ ಆ ಕ್ಯಾಂಟೀನ್‌ಗೆ ಬಿಡ್ಬೇಡಿ. ನಾರ್ತ್ ಕಾರ್ನರ್ ಒಳಗೆ ಹೀಟ್ ಆಗ್ತಿದೆ ಅನ್ಸುತ್ತೆ.”

“ರೀಡಿಂಗ್ ಎಷ್ಟ್ ಬಂತು ಮೇಡಂ?”

“ರೀಡಿಂಗ್ ನಾರ್ಮಲ್ ಇದೆ.”

“ಮತ್ತೆ?”

“ಡಬ್ಬಿ ಮುಟ್ಟಿದ್ರೆ ಕೈ ಸುಡ್ತಿದೆ ರೀ. ನನಗೂ ಎಕ್ಸ್‌ಪ್ಲೇನ್ ಮಾಡಕ್ಕೆ ಬರ್ತಿಲ್ಲ.”

ಬಿರುಕಿನ ಕತೆ ತೆಗೆಯುತ್ತಾರೆ ಎಂದು ಕಾದೆ. “ಆಯ್ತು, ಊಟ ವರ್ಕ್‌ಶಾಪ್ ಕಡೆ ಶಿಫ್ಟ್ ಮಾಡಿಸ್ತೀನಿ,” ಎಂದರು. “ಏನೂ ಆಗ್ಲಿಲ್ಲ ಅಂದ್ರೆ ಮುಂದಿನ್ ಸಲ ನೀವೇ ಬಂದು ಬಡಿಸ್ಬೇಕು, ಹೇಳಿದೀನಿ.”

ಒಂದೂಕಾಲಿಗೆ ಅವರೇ ಫೋನು ಮಾಡಿದರು. ಊಟದ ಹೊತ್ತಿಗೇ ಮೂಲೆ ಕುಸಿದು ಕ್ಯಾಂಟೀನಿನ ತಗಡು ಕಲ್ಲಿನಡಿ ಸೇರಿತ್ತು. ಕುಸಿದ ಬಾಯಿಂದ ಹೊಗೆ ಬರುತ್ತಿತ್ತು, ಒಳಗೆ ಕಲ್ಲು ಕೆಂಪಗೆ ನಿಗಿನಿಗಿ ಎನ್ನುತ್ತಿತ್ತು. ಒಬ್ಬರಿಗೂ ಒಂದು ಗೀರು ಬಿದ್ದಿರಲಿಲ್ಲ. ಆಫೀಸಿನ ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತೆ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಆಮೇಲೆ ಎಲ್ಲವೂ ಬದಲಾಯಿತು. ಉರಿಯುವ ಕಲ್ಲನ್ನು ತೋಡಿ ಹರವಿ ಆರಿಸಿದರು. ಇಡೀ ದಿಬ್ಬವನ್ನು ಪದರ ಪದರವಾಗಿ ಮತ್ತೆ ಕಟ್ಟಿದರು, ಜೇಡಿಮಣ್ಣು ಹೊದಿಸಿದರು. ಮೊದಲು ನಾನು ಎರಡು ಸಲ ಬರೆದರೂ ಜರುಗದಿದ್ದ ಕ್ಯಾಂಟೀನು ಈಗ ದೂರದ ಗಟ್ಟಿ ನೆಲದ ಮೇಲಿದೆ. ನಾನು ವರದಿಯಲ್ಲಿ ‘ಎಚ್ಚರಿಕೆಗೆ ಆಧಾರ’ ಎಂಬ ಕಡೆ, ನಾಲ್ಕನೇ ಡಬ್ಬಿಯ ಕಲ್ಲು ಬಿಸಿಯಾದದ್ದು ಎಂದು ಬರೆದೆ. ಹೇಗೆ ಎಂದು ಗೊತ್ತಿಲ್ಲದಿದ್ದರೂ ಕಲ್ಲು ಅದೇ ಮೂಲೆಯದಲ್ಲವೇ ಎಂದು ಸಮಾಧಾನ ಮಾಡಿಕೊಂಡಿದ್ದೆ.

ತಿಂಗಳ ಮೇಲೆ ನೀರಿನ ಪರೀಕ್ಷೆಯ ಫಲಿತಾಂಶ ಬಂತು. ನಾಲ್ಕನೇ ಡಬ್ಬಿಯ ನೀರು ಕುಡಿಯುವಷ್ಟು ಶುದ್ಧ, ಮರಳಿನ ಡಬ್ಬಿಯ ನೀರು ಗಂಧಕದ ಕಲ್ಲು ತೊಳೆದಂತೆ ಹುಳಿ. ಇದೇನು ತಲೆಕೆಳಗು ಎಂದು ಮುಚ್ಚಳ ಬಿಚ್ಚಿದೆ. ನಾಲ್ಕು ಎಂದು ಬರೆದ ಮುಚ್ಚಳದಡಿ ಇದ್ದದ್ದು ಮರಳು.

ತಪ್ಪು ನನ್ನದೇ. ನಂಬರನ್ನು ಡಬ್ಬಿಯ ಮೈಮೇಲೆ ಬರೆಯಬೇಕು, ಮುಚ್ಚಳದ ಮೇಲಲ್ಲ ಎಂದು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುವವಳು ನಾನು. ಆದರೂ ಸೋಮಾರಿತನಕ್ಕೆ ಮುಚ್ಚಳದ ಮೇಲೆ ಬರೆದಿದ್ದೆ. ಆ ಶುಕ್ರವಾರಕ್ಕೆ ಎರಡು ವಾರ ಮುಂಚೆ ನೀರಿಳಿಯುವ ಪೈಪು ಬದಲಿಸಲು ಎಲ್ಲ ಮುಚ್ಚಳ ತೆಗೆದಾಗ ಅವೆರಡು ಅದಲುಬದಲಾಗಿವೆ. ಅಂದರೆ ಆ ದಿನ ಉತ್ತರದ ಮೂಲೆಯ ಕಲ್ಲು ತಣ್ಣಗೇ ಇತ್ತು. ನನ್ನ ಕೈ, ಆಂಟಿಯ ಕೈ ಸುಟ್ಟದ್ದು ಗಣಿಯ ಮುಖವನ್ನೇ ನೋಡದ, ಅಂಗಡಿಯಿಂದ ತಂದ ಮರಳು.

ಮುಚ್ಚಿಡುವುದು ಸರಿಯಲ್ಲವೆಂದು ಬಸವರಾಜ್‌ಗೆ ಫೋನು ಮಾಡಿ ಎಲ್ಲ ಒಪ್ಪಿಕೊಂಡೆ. ಅವರು ಪೂರ್ತಿ ಕೇಳಿಸಿಕೊಂಡರು.

“ಮರಳೋ ಕಲ್ಲೋ, ಅದೇನ್ ಬೇಕಾದ್ರೂ ಇರ್ಲಿ ಮೇಡಂ. ಅವತ್ತು ನಂದೂ ಊಟ ಅಲ್ಲೇ ಇತ್ತು,” ಎಂದರು.

ತಿದ್ದಿದ ವರದಿ ಕಳಿಸಲೇಬೇಕಿತ್ತು. ‘ಎಚ್ಚರಿಕೆಗೆ ಆಧಾರ’ ಎಂಬಲ್ಲಿ ಹಳೆಯ ಸಾಲು ಹೊಡೆದುಹಾಕಿ ಬಹಳ ಹೊತ್ತು ಕೂತೆ. ಕೊನೆಗೆ ‘ಗೊತ್ತಿಲ್ಲ’ ಎಂದು ಬರೆದು ಸಹಿ ಹಾಕಿದೆ. ಇಷ್ಟು ವರ್ಷದ ಕೆಲಸದಲ್ಲಿ ಇಷ್ಟು ಸಂತೋಷದಿಂದ ನಾನು ಬೇರಾವ ವರದಿಗೂ ಸಹಿ ಹಾಕಿಲ್ಲ.