ಬರ್ತೀನಿ ಅಂದವಳು

ಚಿಲಕ ಒದ್ದೆಯಾಗಿತ್ತು. ಹೊರಗಿನದಲ್ಲ, ಒಳಗಿನ ಚಿಲಕ. ಮಲಗುವ ಮುಂಚೆ ನಾನೇ ಅದನ್ನು ಹಾಕಿ, ಒಮ್ಮೆ ಎಳೆದೂ ನೋಡಿದ್ದೆ.

ನನ್ನ ಮನೆಯ ವಿಷಯವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವವಳಲ್ಲ ನಾನು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಡೆದದ್ದನ್ನು, ನಡೆದಷ್ಟನ್ನೇ ಬರೆಯುತ್ತಿದ್ದೇನೆ.

ನಾವಿರುವುದು ಯಲಹಂಕದ ಪಕ್ಕದ ಕೋಗಿಲಿನಲ್ಲಿ. ನನ್ನ ಗಂಡ ಮಂಜು ಅಲ್ಲೇ ಹುಟ್ಟಿ ಬೆಳೆದವನು. ಮದುವೆಯಾದ ಮೇಲೆ ಮೊದಲ ಸಲ ಇಬ್ಬರೂ ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು, ಯಶವಂತಪುರದಲ್ಲಿ ರೈಲು ಹತ್ತಿ, ಕೇರಳದ ಹಿನ್ನೀರಿಗೆ ಹೋಗಿದ್ದೆವು. ಕಾಲುವೆಯ ದಂಡೆಯಲ್ಲಿ ಒಂದು ಹಳೆಯ ಮನೆ. ಅದರ ಹಿಂದಿನ ಕೋಣೆ ನಮ್ಮದು. ಬಾಗಿಲು ತೆರೆದರೆ ಕಲ್ಲಿನ ಮೆಟ್ಟಿಲು, ಮೆಟ್ಟಿಲು ಮುಗಿದಲ್ಲಿ ನೀರು. ಮನೆಯೊಡತಿಯನ್ನು ಎಲ್ಲರೂ ಚೇಚಿ ಎನ್ನುತ್ತಿದ್ದರು, ಅಂದರೆ ಅಕ್ಕ. ಹಿಂದೆ ಹೆಬ್ಬಾಳದ ಕಡೆ ನರ್ಸ್ ಆಗಿದ್ದವರು. ಕನ್ನಡ ಚೆನ್ನಾಗಿ ಬರುತ್ತಿತ್ತು. ಮಂಜುವನ್ನು ಮಾತ್ರ ಮಲಯಾಳದಲ್ಲಿ ಮೋನೇ, ಅಂದರೆ ಮಗನೇ, ಅನ್ನುತ್ತಿದ್ದರು.

ಎರಡನೆಯ ದಿನ ಮಧ್ಯಾಹ್ನ ಸುತ್ತಾಡುತ್ತಾ ಕಾಲುವೆಯ ಆಚೆ ದಡದಲ್ಲಿ ದಾರಿ ತಪ್ಪಿದೆವು. ಒಂದು ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಜನ ಸುಮ್ಮನೆ ಕೂತಿದ್ದರು. ಸನ್ನೆಯಲ್ಲಿ ನೀರು ಕೇಳಿದೆವು, ಕೊಟ್ಟರು. ಹೊರಡುವಾಗ ಮಂಜು ನೀರಿನ ಕಡೆ ತಿರುಗಿ, ಕೈ ಎತ್ತಿ, "ಬರ್ತೀನಿ ಕಣಮ್ಮ" ಅಂದ.

ಕೂತಿದ್ದವರೆಲ್ಲ ಒಟ್ಟಿಗೆ ತಲೆಯೆತ್ತಿ ನಮ್ಮನ್ನು ನೋಡಿದರು.

ರಾತ್ರಿ ಊಟಕ್ಕೆ ಕೂತಾಗ ಈ ಸುದ್ದಿ ಚೇಚಿಯ ಕಿವಿಗೆ ಆಗಲೇ ಬಿದ್ದಿತ್ತು.

"ಸಾವಿನ ಮನೇಲಿ ಬರ್ತೀನಿ ಅಂದ್ಯಾ ಮೋನೇ? ನಿಮ್ಮೂರಲ್ಲಿ ಅದನ್ನೂ ಹೇಳ್ಕೊಟ್ಟಿಲ್ವಾ?"

"ಸಾವಿನ ಮನೆ ಅಂತ ಹಣೆ ಮೇಲೆ ಬರ್ದಿತ್ತಾ ಚೇಚಿ?" ಮಂಜು ನಕ್ಕ. "ಅವ್ರ ಮನೆ ಮೆಟ್ಟಿಲ ಹತ್ರ, ನೀರಲ್ಲಿ ಒಬ್ಳು ಒದ್ದೆ ಕೂದ್ಲು ಹಿಂಡ್ಕೋತಾ ನಿಂತಿದ್ಳು. ನನ್ನೇ ನೋಡ್ತಿದ್ಳು. ಅವ್ಳಿಗೆ ಹೇಳ್ದೆ, ಅಷ್ಟೆ."

ಮೆಟ್ಟಿಲ ಹತ್ತಿರ ನಾನು ಯಾರನ್ನೂ ನೋಡಿರಲಿಲ್ಲ.

ಚೇಚಿ ಬಡಿಸುವ ಸೌಟನ್ನು ಪಾತ್ರೆಯೊಳಕ್ಕೇ ಬಿಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು. ಸತ್ತವಳು ಬೀನಾ, ಆ ಮನೆಯ ಒಬ್ಬಳೇ ಮಗಳು. ಹೌಸ್‌ಬೋಟ್ ವ್ಯವಹಾರಕ್ಕೆಂದು ಬೆಂಗಳೂರಿನ ಆರ್.ಟಿ. ನಗರದಿಂದ ಬಂದಿದ್ದ ಒಬ್ಬ ಅವಳನ್ನು ಮದುವೆಯಾಗುತ್ತೇನೆಂದು ನಂಬಿಸಿದ್ದ. "ಬರ್ತೀನಿ" ಅಂತ ಹೇಳಿ ದೋಣಿ ಹತ್ತಿದವನು ಮತ್ತೆ ಬರಲಿಲ್ಲ. ಆ ಮಾತಿನ ಅರ್ಥ ಕೇಳಿಕೊಂಡು ಅವಳು ಚೇಚಿಯ ಹತ್ತಿರವೇ ಬಂದಿದ್ದಳಂತೆ. ಅವಳಿಗೆ ಬರುತ್ತಿದ್ದ ಕನ್ನಡ ಅದೊಂದೇ. ಚೇಚಿಯ ಫೋನಿನಿಂದ ಅವನಿಗೆ ಕರೆ ಮಾಡಿ ಮಾಡಿ ಸೋತು, ಹೋದ ವಾರ ನೀರಿಗಿಳಿದಳು.

"ನೀನೂ ಅವ್ನ ಹಾಗೇ ಮಾತಾಡ್ತೀಯ ಮೋನೇ. ಅದೇ ಬೆಂಗಳೂರು ಕನ್ನಡ. ರಾತ್ರಿ ಯಾರು ಏನಂದ್ರೂ ಸುಮ್ನಿರು."

ಮಂಜು ಈ ಸಲ ನಗಲಿಲ್ಲ.

ಎಷ್ಟು ಹೊತ್ತಿಗೋ ಕರೆಂಟ್ ಹೋಯಿತು. ಫ್ಯಾನ್ ನಿಂತ ಸದ್ದಿಗೇ ನನಗೆ ಎಚ್ಚರವಾಯಿತು. ಕಪ್ಪೆಗಳೂ ವಟಗುಟ್ಟುವುದನ್ನು ನಿಲ್ಲಿಸಿದ್ದವು. ನೀರಲ್ಲಿ ಕೊಳೆತ ತೆಂಗಿನ ಸಿಪ್ಪೆಯ ವಾಸನೆ ಕೋಣೆಯಲ್ಲಿ ತುಂಬಿತ್ತು…

"ಬರ್ತೀನಿ…"

ನೀರಿನ ಮಟ್ಟದಿಂದ ಬಂದ ದನಿ. ಅರ್ಥಕ್ಕಿಂತ ಅಕ್ಷರಗಳನ್ನೇ ಬಾಯಿಪಾಠ ಮಾಡಿದಂತೆ, ಒಂದೊಂದನ್ನೂ ಒತ್ತಿ ಹೇಳಿದ ಮಾತು.

"ಬರ್ತೀನಿ…" ಈಗ ಮೆಟ್ಟಿಲ ಮೇಲೆ.

ಕನ್ನಡದಲ್ಲಿ ಅದು ಹೊರಡುವವರು ಹೇಳುವ ಮಾತು. ದಿನಕ್ಕೆ ಎಷ್ಟು ಸಲ ಆಡುತ್ತೇವೋ. ಆ ಕತ್ತಲಲ್ಲಿ ಮೊದಲ ಸಲ ನನಗೆ ಅದರ ನೇರ ಅರ್ಥ ಕೇಳಿಸಿತು. ಅವಳು ಹೊರಟಿರಲಿಲ್ಲ. ಬರುತ್ತಿದ್ದಳು.

"ಬರ್ತೀನಿ." ಬಾಗಿಲ ಹಿಂದೆ.

ಯಾರಾದರೂ ಹಾಗಂದರೆ ನಾವು ಏನು ಹೇಳುತ್ತೇವೆ? ಮಂಜುವಿನ ಬಾಯಿ ಮುಚ್ಚಲು ಕೈ ಚಾಚಿದೆ. ತಡವಾಗಿತ್ತು. ನಿದ್ದೆಗಣ್ಣಲ್ಲಿ, ಅಭ್ಯಾಸಬಲದಿಂದ, ಗೋಡೆಯ ಕಡೆ ಹೊರಳುತ್ತಾ ಅವನಂದ: "ಹೂಂ… ಬಾ."

ಚಿಲಕ ಸರಿಯಿತು.

ಬಾಗಿಲಲ್ಲಿ ಯಾರೂ ಕಾಣಲಿಲ್ಲ. ಒದ್ದೆ ಪಾದಗಳು ಸಿಮೆಂಟ್ ನೆಲಕ್ಕೆ ಅಂಟಿ ಬಿಡುವ ಸದ್ದು ಮಾತ್ರ… ನನ್ನ ಕಡೆಯಿಂದ ಹಾದು, ಮಂಚ ಬಳಸಿ, ಮಂಜುವಿನ ತಲೆಯ ಹತ್ತಿರ ನಿಂತಿತು. ಅವನ ಪಕ್ಕದಲ್ಲಿ ಹಾಸಿಗೆ ಕುಸಿಯಿತು.

ಮಂಜು ಕೆಮ್ಮತೊಡಗಿದ. ಮೊಬೈಲ್ ಬೆಳಕು ಹಾಕಿದೆ. ಕಣ್ಣು ಪೂರ್ತಿ ತೆರೆದಿತ್ತು. ಬಾಯಿಯ ಅಂಚಿನಿಂದ ನೀರು ಇಳಿಯುತ್ತಿತ್ತು, ಕಂದು ಬಣ್ಣದ ಕಾಲುವೆ ನೀರು. ಉಸಿರಿಗಾಗಿ ಅವನ ಕೈ ನನ್ನ ಮೊಣಕೈಯನ್ನು ಹುಡುಕುತ್ತಿತ್ತು.

ನನಗೆ ಭಯವಾಗಲಿಲ್ಲ ಅಂದರೆ ಸುಳ್ಳು. ಆದರೆ ಅದಕ್ಕಿಂತ ಸಿಟ್ಟು ಬಂತು. ಅವನನ್ನು ನನ್ನ ಕಡೆಗೆ ಎಳೆದುಕೊಂಡು, ಮುಖಕ್ಕೆ ಬೆಳಕು ಹಿಡಿದೆ.

"ಇವನಲ್ಲ. ಬೀನಾ, ನೋಡು, ಇವನಲ್ಲ."

ನೀರು ನಿಲ್ಲಲಿಲ್ಲ.

"ಅವನು ಬೆಂಗಳೂರಲ್ಲಿದಾನೆ. ಆರ್.ಟಿ. ನಗರದಲ್ಲಿ."

ಕೆಮ್ಮು ನಿಂತಿತು. ಹಾಸಿಗೆ ನಿಧಾನವಾಗಿ ಮೇಲೆದ್ದಿತು. ಆಮೇಲೆ ನನ್ನ ಕಿವಿಯ ಪಕ್ಕದಲ್ಲೇ, ತಣ್ಣಗೆ:

"ಬರ್ತೀನಿ."

ಈ ಸಲ ಅದು ಹೊರಡುವವಳ ಮಾತು. ನಾನು ಉತ್ತರ ಕೊಡಲಿಲ್ಲ. ತುಟಿ ಕಚ್ಚಿಕೊಂಡು ಬೆಳಗಾಗುವವರೆಗೂ ಮಂಜುವಿನ ಎದೆಯ ಮೇಲೆ ಕೈಯಿಟ್ಟು ಕೂತಿದ್ದೆ. ಅವನಿಗೆ ಅದೊಂದೂ ನೆನಪಿಲ್ಲ. ಗಂಟಲು ನೋವು ಅನ್ನುತ್ತಾನೆ, ಅಷ್ಟೆ.

ಅವನಿನ್ನೂ ಮಲಗಿದ್ದಾಗ ಚೇಚಿಯಿಂದ ಆ ಆರ್.ಟಿ. ನಗರದವನ ನಂಬರ್ ತೆಗೆದುಕೊಂಡೆ. ಎಚ್ಚರಿಸಬೇಕೆಂದೇ ಫೋನ್ ಮಾಡಿದೆ. ಅಷ್ಟು ನನ್ನ ಕರ್ತವ್ಯ ಅನ್ನಿಸಿತ್ತು. ಹಿನ್ನೆಲೆಯಲ್ಲಿ ಕುಕ್ಕರ್ ಕೂಗುತ್ತಿತ್ತು.

"ಹಲೋ, ಯಾರ್ ಗುರು ಬೆಳಿಗ್ಗೆ ಬೆಳಿಗ್ಗೆ?"

ಬೀನಾ ಅಂತ ನೆನಪಿದ್ದಾಳಾ ಎಂದು ಕೇಳಿದೆ. ಕುಕ್ಕರ್ ಇನ್ನೊಮ್ಮೆ ಕೂಗಿತು.

"ಆ ಹೆಸ್ರಿನೋರು ಯಾರೂ ಗೊತ್ತಿಲ್ಲ ಕಣ್ರೀ. ರಾಂಗ್ ನಂಬರ್."

"ಸರಿ," ಅಂದೆ. ಎಚ್ಚರಿಸದೆಯೇ ಫೋನ್ ಇಟ್ಟೆ. ಆಮೇಲೆ ಅವನಿಗೇನಾಯಿತು ಎಂದು ನಾನು ವಿಚಾರಿಸಿಲ್ಲ. ಇವತ್ತಿಗೂ ಆರ್.ಟಿ. ನಗರ ದಾಟಿ ಹೋಗಬೇಕಾದರೆ ಸುತ್ತು ಹಾಕಿ ಹೋಗುತ್ತೇನೆ.

ಆ ಸಂಜೆಗೆ ಊರಿಗೆ ಹೊರಡುವ ರೈಲಿನಲ್ಲಿ ನಮ್ಮಿಬ್ಬರಿಗೂ ಸೀಟಿತ್ತು. ಆ ದಾರಿಯಲ್ಲಿ ನಮಗಿಂತ ಮುಂಚೆ ಯಾರು ಹೊರಟಿದ್ದಾರೆಂದು ನನಗೆ ಗೊತ್ತಿತ್ತು. ಮಂಜುವನ್ನು ಕೇಳದೆ, ಮೆಟ್ಟಿಲ ಕಡೆಗೆ ಬೆನ್ನು ಮಾಡಿ ಕೂತು, ಎರಡೂ ಟಿಕೆಟ್ ರದ್ದು ಮಾಡಿದೆ.