ಕಡ್ಲಿ ಹೊಲದಲ್ಲಿ ನನ್ನ ಮಗಳು

ಬೆಳಗಿನ ಚಳಿಯಲ್ಲಿ, ಕಡಲೆ ಹೊಲದ ನಡುವೆ ಬರಿಗಾಲಲ್ಲಿ ನಿಂತು, ನನ್ನ ಏಳು ವರ್ಷದ ಮಗಳು ಸಿರಿ ಒದ್ದೆ ಧೋತರ ಹಿಂಡಿದ ನೀರಿಗೆ ಬೆರಳು ಅದ್ದಿ ಅದ್ದಿ ನೆಕ್ಕುತ್ತಿದ್ದಳು. ಯಾರದೋ ಬಟ್ಟೆ ಒಗೆದ ನೀರು ಕುಡೀತಿದಾಳೆ ಅಂತ ನನ್ನ ಜೀವವೇ ಹಾರಿಹೋಯಿತು.

"ಥೂ, ಉಗಿ! ಉಗಿ ಮೊದ್ಲು!" ಅಂತ ಕೂಗುತ್ತಾ ಹೊಲಕ್ಕೆ ನುಗ್ಗಿದೆ. ಹುಲಿಗೆವ್ವ ನಕ್ಕಳು. ಮಾನ್ವಿಯಲ್ಲಿ ನಮ್ಮ ಬಾಡಿಗೆ ಮನೆಯ ಹಿಂದಿನ ಮನೆ ಅವಳದು. ಆ ಎರಡೆಕರೆ ಹೊಲವೂ ಅವಳದೇ, ಅಲ್ಲಿ ಕೆಲಸವಿಲ್ಲದ ದಿನ ಕೂಲಿ. ಪಕ್ಕದಲ್ಲಿ ಅವಳ ಮಗಳು ರೇಣುಕಾ, ಒಂಬತ್ತು ವರ್ಷದವಳು, ಪಾತ್ರೆ ಹಿಡಿದು ನಿಂತಿದ್ದಳು.

"ಹೆದರಬ್ಯಾಡ್ರಿ ಟೀಚರ್. ಕಡ್ಲಿ ಹುಳಿ ಅದ. ಇಬ್ಬನಿ ಇದ್ದಾಗ ಗಿಡದ ಮ್ಯಾಲ ಧೋತರ ಎಳಿದ್ರ ಎಲಿಯಾಗಿನ ಹುಳಿ ಎಲ್ಲಾ ಅರಿಬಿಗಿ ಬರ್ತದ. ಹಿಂಡಿ ಇಟ್ಕೊಂತೀವಿ. ಹೊಟ್ಟಿ ನೋವಿಗಿ ಚೊಲೋ ಔಷಧ."

"ಅಮ್ಮಾ, ನಿಂಗೊಂದು ತೋರಿಸ್ಬೇಕು, ಬಾ ಇಲ್ಲಿ!" ಅಂದಳು ಸಿರಿ. ನಾನು ಅವಳ ರಟ್ಟೆ ಹಿಡಿದು ಎಳೆದೆ. ಸುಮ್ಮನೆ ಬರಬಹುದಿತ್ತು. ತಿರುಗಿ ನಿಂತು ಹೇಳಿದೆ: "ನನ್ನ ಮಗಳಿಗೆ ಓದೋದಿದೆ ಹುಲಿಗೆವ್ವ. ಅವಳಿಗೆ ಕೂಲಿ ಕೆಲಸ ಕಲಿಸಬೇಡ."

ಅವಳ ನಗು ನಿಂತಿತು. "ಆತ್ರಿ" ಅಂದಳು, ಅಷ್ಟೇ.

ನಿಮಗೆ ನಿಜ ಹೇಳಿಬಿಡುತ್ತೇನೆ. ಭಯ ಒಂದು ನಿಮಿಷದ್ದು. ಉಳಿದದ್ದೆಲ್ಲ ಹೊಟ್ಟೆಕಿಚ್ಚು.

ನಾನು ಮಂಡ್ಯ ಕಡೆಯವಳು, ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಮೂರು ವರ್ಷದ ಹಿಂದೆ ದೇವದುರ್ಗಕ್ಕೆ ಕೆಲಸಕ್ಕೆ ಬಂದಾಗ ರಾಯಚೂರಿನಲ್ಲಿ ಮಹಡಿ ಮನೆ ಮಾಡಿದ್ದೆವು. ನಮ್ಮೆಜಮಾನರ ಬ್ಯಾಂಕು ಅಲ್ಲೇ. ಸಿರಿ ದಿನವಿಡೀ ಕಿಟಕಿಯ ಸರಳು ಹಿಡಿದು ಕೋಟೆಯ ಬೆಟ್ಟ ನೋಡುತ್ತಿದ್ದಳು. ಆಮೇಲೆ ನನಗೆ ಮಾನ್ವಿಗೆ ವರ್ಗವಾಯಿತು. ಮಾಳಿಗೆಗೆ ಚಪ್ಪಡಿ ಕಲ್ಲು ಹಾಸಿದ ಈ ಮನೆ ಏಪ್ರಿಲ್‌ನಲ್ಲಿ ರೊಟ್ಟಿ ಸುಡುವ ಹಂಚು, ದೇವರಾಣೆ. ಮುದ್ದೆ ನುಂಗಿ ಬೆಳೆದ ಗಂಟಲಿಗೆ ಜೋಳದ ರೊಟ್ಟಿ ಇಳಿಯಲು ಆರು ತಿಂಗಳು ಬೇಕಾಯಿತು. ಹೊರಟವರಿಗೆ ಇಲ್ಲಿ "ಹೊಳ್ಳಿ ಬರ್ರಿ" ಅಂತಾರೆ, ಮತ್ತೆ ಬನ್ನಿ ಅಂತ ಅರ್ಥ. ನನಗೆ ಮಾತ್ರ ಯಾರ ಮನೆಗೆ ಹೋಗಲೂ ಸಂಕೋಚ. ಭಾನುವಾರ ಮಗುವನ್ನು ಕರೆದೊಯ್ಯಲು ಒಂದು ಪಾರ್ಕ್ ಕೂಡ ಇಲ್ಲವಲ್ಲ ಅಂತ ಅಮ್ಮನಿಗೆ ಫೋನಿನಲ್ಲಿ ಗೊಣಗುತ್ತಿದ್ದೆ.

ಸಿರಿಗೆ ಪಾರ್ಕ್ ಯಾಕೆ ಬೇಕು? ಶಾಲೆ ಬಿಟ್ಟರೆ ಹುಲಿಗೆವ್ವನ ಹಿಂದೆ ಹೊಲ. ಬೇಸಿಗೆಯಲ್ಲಿ ಎರೆ ಮಣ್ಣು ಬಾಯಿ ಬಿಟ್ಟಾಗ ಬಿರುಕಿಗೆ ಕೋಲು ಇಳಿಸಿ ಆಳ ಅಳೆದಳು. ಹತ್ತಿಯ ಕಾಯಿ ಬಿಡಿಸಿ ಬೀಜ ಎಣಿಸಿದಳು. ಎಳೆ ಜೋಳದ ತೆನೆ ಕೆಂಡದಲ್ಲಿ ಸುಟ್ಟು, ಉಜ್ಜಿ, ಬಿಸಿ ಬಿಸಿ ಕಾಳು ತಂದು "ಸೀತನಿ ತಿನ್ನಮ್ಮ" ಅಂತ ನನ್ನ ಅಂಗೈಗೆ ಸುರಿದಳು. ನಾನು ರಾಯಚೂರಿನಿಂದ ಆಸೆಪಟ್ಟು ತಂದ ಆಟಿಕೆ ಸೂಕ್ಷ್ಮದರ್ಶಕ ಡಬ್ಬಿಯಿಂದ ಹೊರಗೇ ಬರಲಿಲ್ಲ. ಏನು ಕೇಳಿದರೂ ಒಂದೇ ಉತ್ತರ: "ಹುಲಿಗೆವ್ವ ಹೇಳ್ಯಾಳ." ಬಿ.ಎಡ್. ಮಾಡಿದವಳು ನಾನು, ಹೆಬ್ಬೆಟ್ಟು ಒತ್ತುವವಳು ಅವಳು, ಮಗು ಪ್ರಶ್ನೆ ಕೇಳುವುದು ಅವಳನ್ನು! ಮೈಯೆಲ್ಲ ಉರಿಯುತ್ತಿತ್ತು ಕಣ್ರೀ. ಹೀಗೇ ಬಿಟ್ಟರೆ ಸಿರಿಗೆ ನಾನು ಬುತ್ತಿ ಕಟ್ಟುವವಳಾಗಿ ಮಾತ್ರ ಉಳಿಯುತ್ತೇನೆ ಅನ್ನಿಸಿತ್ತು.

ಅಂದಿನಿಂದ ಹೊಲಕ್ಕೆ ಹೋಗುವುದು ಬಂದ್. ಮಂಡ್ಯಕ್ಕೆ ವರ್ಗಾವಣೆ ಕೇಳಿ ಅರ್ಜಿಯನ್ನೂ ತುಂಬಿಸಿಟ್ಟೆ. ಕಾರಣದ ಜಾಗದಲ್ಲಿ "ಮಗುವಿನ ವಿದ್ಯಾಭ್ಯಾಸ" ಅಂತ ಬರೆದೆ. ಸಿರಿ ಹಟ ಮಾಡಲಿಲ್ಲ, ಅಳಲಿಲ್ಲ. ಹೇಳಿದ ಕಡೆ ಕೂತು ಕಾಪಿ ಬರೆದಳು. ಒಂದು ವಾರ ಯಾರನ್ನೂ ಏನನ್ನೂ ಕೇಳಲಿಲ್ಲ.

ಆ ವಾರವೇ ತರಗತಿಯಲ್ಲಿ ಆಮ್ಲ ಪ್ರತ್ಯಾಮ್ಲ ಪಾಠ. ಲಿಟ್ಮಸ್ ಕಾಗದ ತೆಗೆದರೆ ನೀಲಿ ಪಟ್ಟಿಗಳು ಎಂಟೋ ಹತ್ತೋ ಕಡಿಮೆ. ಮಕ್ಕಳೇ ಕದ್ದಿದ್ದಾರೆ ಅಂತ ಇಡೀ ತರಗತಿಯನ್ನು ನಿಲ್ಲಿಸಿ ಬೈದೆ. ಸಂಜೆ ಅದನ್ನೇ ನಮ್ಮೆಜಮಾನರ ಹತ್ತಿರ ಹೇಳಿಕೊಳ್ಳುತ್ತಿದ್ದಾಗ ಸಿರಿ ಎದ್ದು ಹೋಗಿ ಕಂಪಾಸ್ ಪೆಟ್ಟಿಗೆ ತಂದು ನನ್ನ ಮುಂದಿಟ್ಟಳು. ಒಳಗೆ ಪಟ್ಟಿಗಳು, ಒಣಗಿ ಕೆಂಪಾದವು.

"ನಿನ್ನ ಬ್ಯಾಗಿನಾಗಿಂದ ನಾನೇ ತಗೊಂಡಿದ್ದು. ಕಡ್ಲಿ ಹುಳಿಯಾಗ ಅದ್ದಿದ್ದೆ. ಯಾಕ ಕೆಂಪಾತು ಅಂತ ರೇಣುಕಾ ಕೇಳಿದ್ಲು, ಹುಲಿಗೆವ್ವಗೂ ಗೊತ್ತಾಗ್ಲಿಲ್ಲ. ನಮ್ಮಮ್ಮಗ ಎಲ್ಲಾ ಗೊತ್ತದ, ಬಂದು ಹೇಳ್ತಾಳ ಅಂತ ಹೇಳಿದ್ದೆ. ನೀನು ಬಂದಿ. ಬೈದಿ."

ನಾನು ಅತ್ತುಬಿಟ್ಟೆ. ಮರುದಿನ ತರಗತಿಯಲ್ಲಿ ಮಕ್ಕಳ ಕ್ಷಮೆ ಕೇಳಿದೆ. ಅದು ಸುಲಭದ್ದು. ಹಿಂದಿನ ಮನೆಗೆ ಹೋಗುವುದು ಕಷ್ಟವಾಯಿತು. ಹುಲಿಗೆವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ತಡವರಿಸಿ ಹೇಳಿ ಮುಗಿಸುವವರೆಗೂ ಬಡಿದಳು.

"ನೀವು ಅಂದಿದ್ದು ಭಾಳ ನೋವಾತ್ರಿ ಟೀಚರ್. ಕೂಲಿ ಮಾಡೇ ರೇಣುಕಾನ ಸಾಲಿಗಿ ಹಾಕೀನಿ ನಾ. ನಿಮ್ಮ ಮಗಳಿಗಿ ಕೂಲಿ ಕಲಸಂಗಿದ್ರ ನನ್ನ ಮಗಳಿಗಿ ಮೊದ್ಲ ಕಲಸತಿದ್ದಿಲ್ಲೇನು?"

ಹುಲಿಗೆವ್ವ ಬಡಿದ ರೊಟ್ಟಿ ಎತ್ತಿ ಹಂಚಿಗೆ ಹಾಕಿದಳು.

"ಆ ಕಾಗದ ಯಾಕ ಕೆಂಪಾತು, ನಾಳಿ ಬಂದು ಹುಡುಗ್ಯಾರಿಗಿ ಹೇಳ್ರಿ. ನಸುಕಿನ್ಯಾಗ ಬರ್ರಿ" ಅಂದಳು. ನಗಲಿಲ್ಲ.

ಹೋದೆ. ಧೋತರದ ಒಂದು ತುದಿ ನನಗೆ ಕೊಟ್ಟರು. ಗಟ್ಟಿಯಾಗಿ ಎಳೆದು ಗಿಡ ಬಗ್ಗಿಸಿದೆ. "ಹಂಗಲ್ಲಮ್ಮ, ಹಗೂರಕ, ಹೂವು ಉದುರ್ತಾವ" ಅಂತ ಸಿರಿ ನನಗೆ ಪಾಠ ಮಾಡಿದಳು. ಆಮೇಲೆ ನಾನು ಆಮ್ಲದ ಪಾಠ ಮಾಡಿದೆ, ಮೂವರೂ ಕೇಳಿದರು. ಹೊಟ್ಟೆಕಿಚ್ಚು ಅಲ್ಲಿಗೆ ಆರಿಹೋಯಿತು ಅಂದರೆ ಸುಳ್ಳಾಗುತ್ತದೆ. ಸಿರಿ ಎಡವಿದಾಗ ಮೊದಲು ಹಿಡಿದದ್ದು ಹುಲಿಗೆವ್ವನ ಸೆರಗು.

ಬೇಸಿಗೆ ರಜೆಗೆ ತೌರಿಗೆ ಹೋದೆವು. "ಮಗೂಗೆ ಅದೆಂಥ ಭಾಷೆ ಕಲಿಸಿದ್ದೀಯೇ?" ಅಂತ ಅಮ್ಮ ಮುಖ ಸಿಂಡರಿಸಿದಳು. ಅರ್ಜಿ ಕೊಟ್ಟೆಯಾ ಅಂತಲೂ ಕೇಳಿದಳು. ಇನ್ನೂ ಇಲ್ಲ ಅಂದೆ. ಕೊಡುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಮಾನ್ವಿಯಲ್ಲಿದ್ದಾಗ ಮಂಡ್ಯದ ಹಸಿರಿಗೆ ಜೀವ ಎಳೆಯುತ್ತದೆ, ಅಲ್ಲಿಗೆ ಹೋದ ಮೂರನೇ ದಿನಕ್ಕೆ ಜೋಳದ ರೊಟ್ಟಿ ಎಲ್ಲಿ ಸಿಗುತ್ತದೆ ಅಂತ ಹುಡುಕುತ್ತೇನೆ.

ಸಿರಿ ಅಮ್ಮನ ಮನೆಯ ಗೇಟು ದಾಟಿ ಎದುರಿನ ನಾಲೆಯ ಏರಿ ಹತ್ತಿದಳು. ಹಿಂದೆಯೇ ಓಡಿದೆ. ಈ ಗಿಡ ಯಾವುದು? ಆ ಗೂಡು ಯಾವ ಹಕ್ಕಿಯದು? ನೀರು ಎಲ್ಲಿಗೆ ಹೋಗುತ್ತದೆ? ಆ ನಾಲೆ ಕಾಣುವ ಕಿಟಕಿಯಲ್ಲಿ ಕೂತು ಓದಿ ಫಸ್ಟ್ ಕ್ಲಾಸ್ ತಗೊಂಡವಳು ನಾನು. ಒಂದಕ್ಕೂ ಉತ್ತರ ಗೊತ್ತಿರಲಿಲ್ಲ.

"ಇದು ನಿನ್ನೂರಲ್ಲೇನು?" ಅಂದಳು ಸಿರಿ, ನಿಜವಾಗಿಯೂ ಅಚ್ಚರಿಪಟ್ಟು.

ಆಗ ಹೊಟ್ಟೆಕಿಚ್ಚಾದದ್ದು ಮಗಳ ಮೇಲೇ. ಅವಳಿಗೆ ಮಾನ್ವಿಯ ಒಂದೊಂದು ಬದುವೂ ಗೊತ್ತು. ನಾನು ಹುಟ್ಟಿದ ಊರನ್ನು ಕಿಟಕಿಯಿಂದ ನೋಡಿದ್ದೆ.

"ಬಾ, ಇಳಿದು ನೋಡಣ" ಅಂತ ಅವಳು ಕೈ ಹಿಡಿದಳು. ಕೆಳಗೆ ಮೊಣಕಾಲುದ್ದದ ನೀರು. ಗೇಟಿನಲ್ಲಿ ನಿಂತ ಅಮ್ಮ ಕೂಗಿದಳು: "ಇಳೀಬೇಡ ಕಣೇ, ಬಿದ್ದೀಯ!" ಸಿರಿಗೆ ಹೇಳಿದಳೋ ನನಗೋ, ನಾನು ತಿರುಗಿ ನೋಡಲಿಲ್ಲ.