ಸೊಸೆ ಸಾಕಿದ ಸೊಳ್ಳೆ

ನಮ್ಮ ಅತ್ತಿಗೆಗೆ ಸುಳ್ಳು ಹೇಳಲು ನಾಲಗೆ ಹೊರಳುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲೇ, "ಅತ್ತೆ, ಅಡುಗೆಗೆ ಉಪ್ಪು ಜಾಸ್ತಿಯಾಗಿದೆ" ಎಂದು ಅಮ್ಮನ ಮುಖಕ್ಕೇ ಹೇಳಿದವರು. ಅವತ್ತು ಅಣ್ಣ ತಟ್ಟೆಯಿಂದ ತಲೆಯೆತ್ತಲೇ ಇಲ್ಲ.

ಅವರ ಕೆಲಸವೋ, ಸೊಳ್ಳೆ ಸಾಕುವುದು! ಬೆಚ್ಚನೆಯ ಕೋಣೆಯಲ್ಲಿ ಬಿಳಿ ಟ್ರೇಗಳ ತುಂಬ ನೀರು, ನೀರಿನ ತುಂಬ ಮರಿಹುಳು. ಅವಕ್ಕೆ ಮೀನಿಗೆ ಹಾಕುವ ಪುಡಿ ಉದುರಿಸಬೇಕು, ರೆಕ್ಕೆ ಬಂದವನ್ನು ಪರದೆಯ ಪಂಜರಕ್ಕೆ ಬಿಡಬೇಕು. ಆ ಸೊಳ್ಳೆಗಳ ಮೈಯಲ್ಲಿ ಒಂದು ಬ್ಯಾಕ್ಟೀರಿಯಾ ಇರುತ್ತದೆ, ಎಷ್ಟೋ ಕೀಟಗಳಲ್ಲಿ ತಾನಾಗಿಯೇ ಇರುವಂಥದ್ದು. ಅದಿದ್ದರೆ ಡೆಂಗಿ ವೈರಸ್ಸಿಗೆ ಸೊಳ್ಳೆಯೊಳಗೆ ಬೆಳೆಯುವುದೇ ಕಷ್ಟ. ತಾಯಿಯಿಂದ ಮರಿಗಳಿಗೂ ಅದು ಬರುತ್ತದೆ. ಹಾಗಾಗಿ ಇವನ್ನು ಬೀದಿಬೀದಿಗೆ ಬಿಟ್ಟರೆ, ಊರ ಸೊಳ್ಳೆಗಳ ಜೊತೆ ಕೂಡಿ ಅದು ಹರಡುತ್ತ ಹೋಗುತ್ತದೆ.

ಅಮ್ಮನಿಗೆ ಇದೊಂದೂ ತಲೆಗೆ ಹೋಗಲಿಲ್ಲ. ನೆಂಟರು ಕೇಳಿದರೆ "ಲ್ಯಾಬಲ್ಲಿದ್ದಾಳೆ" ಎಂದು ಹಾರಿಕೆಯ ಉತ್ತರ ಕೊಡುತ್ತಿದ್ದಳು. ಮನೆಯಲ್ಲಿ ಮಾತ್ರ ಸೊಳ್ಳೆ ಬ್ಯಾಟು ಬೀಸುತ್ತ, "ನೊಣ ಹೊಡೀತಾ ಕೂತೋರನ್ನ ನೋಡಿದ್ದೀನಿ, ಸೊಳ್ಳೆ ಸಾಕ್ತಾ ಕೂತೋರನ್ನ ನೋಡಿರ್ಲಿಲ್ಲ" ಎನ್ನುವಳು.

ಕೊನೆಗೆ ನಮ್ಮ ಬೀದಿಯ ಸರದಿ ಬಂತು. ಸೊಳ್ಳೆಮೊಟ್ಟೆಯ ಡಬ್ಬಿ ತೂಗುಹಾಕಲು ಮನೆಯವರ ಒಪ್ಪಿಗೆ ಬೇಕು. ಎಲ್ಲರ ಕಣ್ಣೂ ಎದುರುಮನೆಯ ಟೈಲರ್ ಅಕ್ಕನ ಮೇಲೆ. ಹಿಂದಿನ ಮಳೆಗಾಲದಲ್ಲಿ ಅವರ ಮಗಳು ಡೆಂಗಿ ಬಂದು ಸಾವಿನ ದವಡೆಯಿಂದ ಪಾರಾಗಿದ್ದಳು. ಅವರು ಬೇಡವೆಂದರೆ ಇಡೀ ಬೀದಿ ಬೇಡವೆನ್ನುತ್ತದೆ. ಮುಂದಿನ ಮಳೆಗಾಲಕ್ಕೆ ಇನ್ಯಾರ ಮಗುವೋ!

ಅತ್ತಿಗೆಯೂ ನಾನೂ ಅವರ ಮನೆಗೆ ಹೋದಾಗ ಅವರು ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದರು: "ನಿನ್ನ ಸೊಳ್ಳೆ ಕಚ್ಚಲ್ವಾ?"

"ಕಚ್ಚುತ್ತೆ ಅಕ್ಕ."

ಪಕ್ಕದಲ್ಲಿದ್ದ ನಾನು ಹಣೆ ಚಚ್ಚಿಕೊಂಡೆ.

"ಜ್ವರ ಬರಲ್ಲ ತಾನೆ?"

"ಬರೋದೇ ಇಲ್ಲ ಅನ್ನೋಕಾಗಲ್ಲ. ತುಂಬಾ ಕಮ್ಮಿಯಾಗುತ್ತೆ. ಆದ್ರೂ ನೀರು ನಿಲ್ಲೋಕೆ ಬಿಡಬಾರದು."

"ನಿಮ್ಮತ್ತೇನೇ ಬ್ಯಾಟ್ ಹಿಡ್ಕೊಂಡು ಓಡಾಡ್ತಾರೆ. ಅವರೇ ನಂಬದ್ದನ್ನ ನಾನು ನಂಬ್ಲಾ?"

ನಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅಮ್ಮ ಬೀದಿ ದಾಟಿ ಬಂದಳು, ಕೈಯಲ್ಲಿ ಬ್ಯಾಟು ಬೇರೆ.

"ನನ್ನಡುಗೆಗೇ ಉಪ್ಪು ಜಾಸ್ತಿ ಅಂದೋಳು ಇವಳು. ಜಾಸ್ತೀನೂ ಆಗಿತ್ತು ಅನ್ನು. ಇವಳಿಗೆ ಸುಳ್ಳು ಹೇಳೋಕೆ ಬರಲ್ಲ ಕಣಮ್ಮ. ಮೊದಲ ಡಬ್ಬಿ ನಮ್ಮನೇಲೇ ಹಾಕ್ಲಿ."

ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಎರಡನೆಯ ಡಬ್ಬಿಯನ್ನು ಟೈಲರ್ ಅಕ್ಕನೇ ತಮ್ಮ ಕಿಟಕಿಗೆ ಕಟ್ಟಿಸಿಕೊಂಡರು, ಉಳಿದವರು ಆಮೇಲೆ ತಾವಾಗಿಯೇ ಬಂದರು.

ಅದಾದ ಮೇಲೆ ಎರಡು ಮಳೆಗಾಲ ಕಳೆದಿವೆ. ಜ್ವರ ಪೂರ್ತಿ ತೊಲಗಿಲ್ಲ. ಆದರೆ ನಮ್ಮ ಬೀದಿಯ ಒಂದು ಮಗುವೂ ಡೆಂಗಿಗೆ ಆಸ್ಪತ್ರೆ ಸೇರಿಲ್ಲ. ಇದನ್ನು ಹೇಳುವಾಗ ನನ್ನ ಎದೆ ಉಬ್ಬುತ್ತದೆ, ಉಬ್ಬಲಿ ಬಿಡಿ.

ಮೊನ್ನೆ ಸೋದರತ್ತೆ ಬಂದಿದ್ದರು. ಅಮ್ಮನ ತೋಳಿನ ಮೇಲೆ ಕೂತ ಸೊಳ್ಳೆಗೆ ಕೈಯೆತ್ತಿದರು. ಅಮ್ಮ ಗಬಕ್ಕನೆ ಆ ಕೈ ಹಿಡಿದಳು.

"ತಡೀರಿ, ಹೊಡೀಬೇಡಿ! ನಮ್ಮ ಸೊಸೆ ಸಾಕಿದ್ದಿರಬಹುದು."